ಮತ್ತೊಮ್ಮೆ ಮಗುಚಿದ ಸುರುಳಿ

ಪಕ್ಕದ ಕಟ್ಟಡದ ನೀರಿನ ಪಂಪು ಗೊರಗೊರ ಕೆಮ್ಮಿದರೆ ಸಾಕು, ನಲ್ಲಿಗೆ ನೀರು ಬಂತೆಂದು ಅವಳು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡುತ್ತಿದ್ದಳು. ನೀರು ನಿಲ್ಲುವುದರೊಳಗೆ ಫಿಲ್ಮು ತೊಳೆದಾಗಬೇಕು. ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಉಳಿದ ಹೊತ್ತು ಕೀಲಿ ಕೊಟ್ಟು ಓಡಿಸುವ ಹಳೆಯ ಸಿನಿಮಾ ಕ್ಯಾಮೆರಾ, ಕಿಟಕಿಗೆ ಕಂಬಳಿ ಕಟ್ಟಿದ ಆ ಬಚ್ಚಲು, ಫಿಲ್ಮು ತೊಳೆಯುವ ರಾಸಾಯನಿಕದ ಬಕೆಟ್ಟು. ಫಿಲ್ಮಿನ ಮೇಲೆ ಗೀರು ಬೀಳುತ್ತಿತ್ತು, ಧೂಳು ಕೂರುತ್ತಿತ್ತು, ಒಮ್ಮೊಮ್ಮೆ ಅವಳ ಬೆರಳಿನ ಗುರುತೂ ಮೂಡುತ್ತಿತ್ತು. ಅವಳಿಗೆ ಬೇಕಾದದ್ದೂ ಅದೇ. ತಾನು ಮುಟ್ಟಿದ್ದು ಕಾಣಬೇಕು.

“ಎಲ್ಲರೂ ಬಾಯಲ್ಲಿ ರೀಲು ಬಿಟ್ರೆ ನಮ್ಮ ನಾದಿನಿ ಬಕೆಟ್ಟಲ್ಲಿ ಬಿಡ್ತಾಳೆ” ಎಂದು ಬಸ್ಸು ಓಡಿಸುತ್ತಿದ್ದ ಅಕ್ಕನ ಗಂಡ ಹೋದಲ್ಲೆಲ್ಲ ಹೇಳಿ ನಗುತ್ತಿದ್ದ. ಒಂದು ರಜೆಯ ದಿನ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವಳು ಕ್ಯಾಮೆರಾ ಹಿಡಿದಳು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಅವನು ಹೊಟ್ಟೆ ಹಿಡಿದು ನಕ್ಕಿದ್ದ. ಆ ಫಿಲ್ಮು ತೊಳೆಯುವ ಮೊದಲೇ ಅವನ ಎದೆಬಡಿತ ನಿಂತುಹೋಯಿತು.

“ಅವರು ನಗೋದು ಒಂದ್ಸಲ ನೋಡ್ಬೇಕು ಕಣೆ” ಎಂದಳು ಅಕ್ಕ. “ಫೋಟೋದಲ್ಲೆಲ್ಲ ಲೈಸೆನ್ಸಿಗೆ ನಿಂತ ಹಾಗೆ ಬಿಗ್ಕೊಂಡಿದಾರೆ.”

ಆ ಬಗೆಯ ಫಿಲ್ಮಿನಲ್ಲಿ ಒಂದು ಸಲಕ್ಕೆ ಅರ್ಧ ಅಗಲಕ್ಕಷ್ಟೇ ಚಿತ್ರ ಬೀಳುತ್ತದೆ; ಮೊದಲು ಒಂದು ಅಂಚಿನಲ್ಲಿ ಓಡಿಸಬೇಕು, ಆಮೇಲೆ ಸುರುಳಿ ಮಗುಚಿ ಇನ್ನೊಂದು ಅಂಚಿನಲ್ಲಿ. ಎರಡೂ ಅಂಚು ಮುಗಿದದ್ದು ಅವಳಿಗೆ ಮರೆತೇಹೋಗಿತ್ತು. ಒಂದು ಅಂಚು ಖಾಲಿ ಇದೆ, ಅದನ್ನೂ ತುಂಬಿಸಿ ತೊಳೆಯೋಣ ಎಂದುಕೊಂಡು ಮತ್ತೊಮ್ಮೆ ಮಗುಚಿದಳು. ಮಾಳಿಗೆಯ ಮೇಲೆ ಒಣಗುತ್ತಿದ್ದ ಬೆಡ್‌ಶೀಟುಗಳನ್ನು ಕ್ಯಾಮೆರಾದಲ್ಲಿ ಹಿಡಿದಳು.

ತೊಳೆದ ಫಿಲ್ಮನ್ನು ಪ್ರೊಜೆಕ್ಟರಿಗೆ ಹಾಕಿ ಗೋಡೆಯ ಮೇಲೆ ಓಡಿಸಿದಾಗ ಎರಡು ಚಿತ್ರ ಒಂದರ ಮೇಲೊಂದು ಬಿದ್ದಿದ್ದವು: ಬೆಡ್‌ಶೀಟುಗಳು ಗಾಳಿಗೆ ಉಬ್ಬಿದ್ದವು, ಅವುಗಳೊಳಗಿಂದ ನೊರೆಯ ಮುಖ ತೇಲಿ ಬರುತ್ತಿತ್ತು. ನಗು ಅರಳುವಷ್ಟರಲ್ಲಿ ಬಿಳಿ ಬಟ್ಟೆ ಮುಚ್ಚಿಬಿಡುತ್ತಿತ್ತು. ‘ಎಷ್ಟು ಚೆಂದ’ ಎಂದೇ ಅವಳ ಬಾಯಿಗೆ ಬಂತು. ಅಯ್ಯೋ ಎನ್ನುವುದು ಆಮೇಲೆ ಬಂತು. ಹಾಗೆ ತಡವಾಗಿ ಬಂದದ್ದೇ ಅವಳನ್ನು ಒಳಗೊಳಗೇ ತಿನ್ನತೊಡಗಿತು. ಇಷ್ಟು ಒಳ್ಳೆಯದನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ಅಕ್ಕ ಬಂದು ಕೂತಳು. ಗೋಡೆಯ ಮೇಲೆ ಚಿತ್ರ ಓಡಿತು.

“ಆ ಬೆಡ್‌ಶೀಟ್ ಒಂಚೂರು ಸರಿಸೇ” ಎಂದು ಅಕ್ಕ ಮುಂದಕ್ಕೆ ಬಾಗಿದಳು, ಮರುಕ್ಷಣ ನಾಚಿ ನಕ್ಕಳು. “ನೋಡು, ನಂಗೆ ತಲೆ ಕೆಟ್ಟಿದೆ.”

ಚಿತ್ರ ಮುಗಿಯಿತು. ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

“ಚೆನ್ನಾಗಿದೆ ಬಿಡು, ನಿನ್ನ ಕಲೆ-ಗಿಲೆ ನಂಗೇನು ಗೊತ್ತಾಗುತ್ತೆ. ಈಗ ಏನೂ ಅಡ್ಡ ಬರದೇ ಇರೋದು ಹಾಕು.”

“ಇಲ್ಲ ಅಕ್ಕ. ಇರೋದು ಇದೊಂದೇ. ತಪ್ಪಿ ಮಾಡಿಬಿಟ್ಟೆ.”

“ಒಂದೇನಾ?”

“ಹೂಂ. ಆದ್ರೆ ತಪ್ಪಿಗಿಂತ ಹೆಚ್ಚಿಂದು ಇನ್ನೊಂದಿದೆ. ಇದನ್ನ ಮೊದಲು ನೋಡಿದಾಗ, ಅಕ್ಕ, ನಂಗೆ...” ಎನ್ನುತ್ತಲೇ ಅವಳು ಎದ್ದಳು. ಅಕ್ಕನ ಮುಖ ನೋಡದೆ, ಚಪ್ಪಲಿಯನ್ನೂ ಮೆಟ್ಟದೆ, ಬಾಗಿಲು ದಾಟಿ ಮೆಟ್ಟಿಲಿಳಿಯುತ್ತ, “ನಂಗೆ ಎಷ್ಟು ಚೆಂದ ಅನ್ನಿಸ್ತು ಅಂದ್ರೆ...” ಎಂದಳು.