ಕೌದಿ ಕಂಡರೂ ಲಾರಿ ಕಳಿಸುವ ಮಿಂಗೇಲ್

ಬೆಳಕು ಹರಿಯುವ ಹೊತ್ತು. ಹಳಿಯಾಳ ಸೀಮೆಯ ಸಾಂಬ್ರಾಣಿ ಊರಿನಾಚೆಯ ಗುಡ್ಡದ ನೆತ್ತಿಯಲ್ಲಿ, ಮೂವತ್ತೆರಡು ಮೆಟ್ಟಿಲಿನ ಮರದ ಅಟ್ಟಣಿಗೆಯ ಮೇಲೆ ಬೆಂಕಿ ಕಾವಲುಗಾರ ಮಿಂಗೇಲ್ ಸಿದ್ದಿ ಕರಿ ಚಹಾ ಹಿಡಿದು ಕೂತಿದ್ದಾರೆ. ಕುಡಿಯುತ್ತಿಲ್ಲ. ಮುಕ್ಕಾಲು ಮೈಲಿ ಕೆಳಗೆ, ತಮ್ಮದೇ ಕೇರಿಯ ಹಿಂದೆ ಏಳುತ್ತಿರುವ ಹೊಗೆಯ ಮೇಲೆ ಅವರ ಕಣ್ಣು. ಅದರ ಪಕ್ಕದ ಹಾಸುಗಲ್ಲಿನ ಮೇಲೆ ಬಣ್ಣಬಣ್ಣದ ಬಟ್ಟೆಚೂರು ಹೊಲಿದ ಕೌದಿಯೊಂದು ಹರಡಿದೆ.

"ಕೌದಿ ಐತಿ. ಮನಶ್ಯಾರು ಎಲ್ಲಿ?" ಎಂದು ಗೊಣಗಿದವರೇ ಟೆಲಿಫೋನಿನ ಹಿಡಿಕೆ ಗರಗರ ತಿರುಗಿಸುತ್ತಾರೆ. "ಶಂಕ್ರಪ್ಪ, ಲಾರಿ ಬಿಡು. ನಮ್ಮ ಕೇರಿ ಹಿಂದ." ಕೆಳಗಿನ ಡಿಪೋದಿಂದ ಹನ್ನೆರಡು ಆಳು, ಬೆಂಕಿ ಬಡಿಯುವ ಹಸಿ ಸೊಪ್ಪಿನ ಕಟ್ಟು, ನೀರಿನ ಪೀಪಾಯಿ ಹೊತ್ತ ಲಾರಿ ನಾಲ್ಕೇ ನಿಮಿಷದಲ್ಲಿ ಧೂಳೆಬ್ಬಿಸುತ್ತದೆ.

ಇದು 1963ರ ಬೇಸಿಗೆ. ಮಿಂಗೇಲ್ ಅಟ್ಟಣಿಗೆ ಏರಿ ಏಳು ವರ್ಷವಾಯಿತು. ದಿನಕ್ಕೆ ಹತ್ತು ಹನ್ನೆರಡು ಹೊಗೆ ಕಣ್ಣಿಗೆ ಬೀಳುತ್ತವೆ. ಒಲೆ ಯಾವುದು, ಕಾಡ್ಗಿಚ್ಚು ಯಾವುದು ಎಂದು ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕು, ಏಕೆಂದರೆ ಇರುವುದು ಒಂದೇ ಲಾರಿ. ವಿಲಾಯತಿಯಲ್ಲಿ ವಿಮಾನದಿಂದ ನೀರು ಸುರಿದು ಕಾಡಿನ ಬೆಂಕಿ ಆರಿಸುತ್ತಾರಂತೆ ಎಂದು ಡಿಪೋದ ಕಾರಕೂನರು ಪೇಪರು ಓದಿ ಹೇಳಿದಾಗ ಮಿಂಗೇಲ್ ಕೇಳಿದ್ದು ಇಷ್ಟೇ: "ಆ ವಿಮಾನಕ್ಕ ಯಾ ಕಡೆ ಹೋಗಂತ ಹೇಳಾವ ಒಬ್ಬಾವ ಬೇಕಲ್ರಿ ಸಾಹೇಬ್ರ?"

ಕೌದಿಯ ಸಂಗತಿಗೆ ಬರೋಣ. ಭತ್ತದ ಸಸಿಮಡಿಗೆ ತರಗೆಲೆ ಸುಡುವ ಮುನ್ನ ಕೇರಿಯ ಹೆಂಗಸರು ಹಾಸುಗಲ್ಲಿನ ಮೇಲೆ ಕೌದಿ ಹರಡುತ್ತಾರೆ. ಇದು ನಮ್ಮ ಹೊಗೆ, ಲಾರಿ ಬೇಡ ಎಂದು ಅದರ ಅರ್ಥ. ಹೋದ ವರ್ಷ ಏಪ್ರಿಲಿನಲ್ಲೂ ಹೊಗೆಯ ಜೊತೆ ಕೌದಿ ಕಂಡಿತು, ಮಿಂಗೇಲ್ ನಿಶ್ಚಿಂತೆಯಿಂದ ಕೂತರು. ಆದರೆ ಅಂದು ಅವರ ಹೆಂಡತಿ ಮಾಗ್ದಲೀನಾ ಕೌದಿ ಒಗೆದು ಒಣಹಾಕಿದ್ದರು, ಅಷ್ಟೇ. ಹೊತ್ತಿದ್ದು ಬಿದಿರು ಮೆಳೆ. ಧಾರವಾಡದ ಕಡೆಯಿಂದ ಬಿದಿರು ಕಡಿಯಲು ಬಂದವರ ಒಂಬತ್ತು ಗುಡಿಸಲು ಸುಟ್ಟವು. ದುರ್ಗವ್ವ ಎಂಬಾಕೆ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಹೊರಗೆಳೆಯುವಾಗ ಬಲಗೈ ಸುಟ್ಟುಕೊಂಡರು. ಆ ಬೆರಳುಗಳು ಇಂದಿಗೂ ಮಡಚುವುದಿಲ್ಲ.

"ನನ್ನ ಹೇಂತಿದೇನ ತಪ್ಪಿಲ್ರಿ. ಕೌದಿ ಒಗದ್ರ ಒಣಗಸಬೇಕಲ್ಲ? ನಾ ಕೌದಿ ನೋಡಿದ್ನಿ, ಹೊಗಿ ನೋಡ್ಲಿಲ್ಲ," ಎನ್ನುತ್ತಾರೆ ಮಿಂಗೇಲ್.

ಅಂದಿನಿಂದ ಅವರದೊಂದು ಕಟ್ಟುನಿಟ್ಟು. ಕೌದಿ ಹರಡಿದವರು ಬೆಂಕಿ ಆರುವತನಕ ಅದರ ಪಕ್ಕದಲ್ಲೇ ನಿಂತಿರಬೇಕು. ಇಲ್ಲದಿದ್ದರೆ ಲಾರಿ ಬಂದೇ ಬರುತ್ತದೆ. ಆದರೆ ಡಿಪೋದವರೂ ಬಿಗಿಯಾಗಿದ್ದಾರೆ: ಒಂದು ಬೇಸಿಗೆಯಲ್ಲಿ ಮೂರು ಸಲ ಲಾರಿ ಸುಮ್ಮನೆ ಹೋಗಿ ಬಂದರೆ ಕಾವಲುಗಾರನಿಗೆ ಮನೆಯ ದಾರಿ. ಈ ವರ್ಷ ಆಗಲೇ ಒಂದಾಗಿದೆ.

ತಾಸು ಕಳೆದು ಟೆಲಿಫೋನ್ ಬಡಿದುಕೊಳ್ಳುತ್ತದೆ. ಡ್ರೈವರ್ ಶಂಕ್ರಪ್ಪನ ದನಿ ಅಟ್ಟಣಿಗೆಗೆಲ್ಲ ಕೇಳಿಸುತ್ತದೆ: "ಮಿಂಗೇಲಣ್ಣ, ನಿನ್ನ ಹೇಂತಿನ ತರಗ ಸುಡಾಕತ್ತಿದ್ಲೋ! ನಡುವ ನೀರ ತರಾಕ ಹೋಗಿದ್ಲಂತ. ಎರಡಾತು ನೋಡು!"

ಮಿಂಗೇಲ್ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ. ಕೆಲಸ ಹೋದೀತೆಂಬ ಅಂಜಿಕೆ ಇಲ್ಲವೇ? "ಐತ್ರಿ, ಯಾಕಿಲ್ಲ? ಮನಿ ನಡೀಬೇಕಲ್ಲ. ಆದ್ರ ನಾಳಿ ಹಿಂಗ ಕಂಡ್ರ ನಾಳಿನೂ ಕಳಸ್ತೇನಿ."

ದುರ್ಗವ್ವ ಈ ವರ್ಷವೂ ಬಂದಿದ್ದಾರೆ, ಎಡಗೈಯಲ್ಲಿ ಕತ್ತಿ ಹಿಡಿಯಲು ಕಲಿತಿದ್ದಾರೆ. ಅವರಿಗೆ ಮುಖ ತೋರಿಸಲಾಗದೆ ಮಿಂಗೇಲ್ ಬಹಳ ದಿನ ತಪ್ಪಿಸಿಕೊಂಡು ತಿರುಗಿದರು. ಕೊನೆಗೆ ಹಳಿಯಾಳದ ಸಂತೆಯಲ್ಲಿ ಆಕೆಯೇ ಅಡ್ಡಗಟ್ಟಿ ನಿಂತರಂತೆ.

"ಅಣ್ಣಾ, ಉಳದಾರೆಲ್ಲ ಗಾಳಿಗೆ ಬೆನ್ನ ಮಾಡಿ ಗುಡಸಲಾ ಹಾಕ್ಯಾರ. ನಾ ನಿನ್ನ ಅಟ್ಟಣಿಗಿ ಕಾಣೂ ಕಡೆ ಬಾಗಲಾ ಇಟ್ಟೇನಿ," ಎಂದರಂತೆ.

ಅದನ್ನು ಹೇಳುವಾಗ ಮಿಂಗೇಲರ ಕಣ್ಣು ತುಂಬುತ್ತದೆ, ಮುಚ್ಚಿಡುವುದೂ ಇಲ್ಲ. ಕಟಕಟೆಯ ಬಳಿ ಹೋಗಿ ಬಿದಿರು ಮೆಳೆಗಳ ನಡುವೆ ಬೆರಳು ತೋರಿಸುತ್ತಾರೆ.

"ಅಕಾ, ಅಲ್ಲಿ ಕಾಣ್ತೈತಲ್ರಿ? ದಿನಾ ಮುಂಜಾನೆ ಮೊದಲ ಆ ಬಾಗಲಾ ನೋಡ್ತೇನಿ. ಮಳಿ ಬೀಳೂತನಕ ಅದು ಹಂಗ ಇರ್ಲಿ, ಸಾಕು."