ಬೋರ್ಡಿನ ಮೇಲಿನ ಅಕ್ಕ

ಬೋರ್ಡು ಬರೆಯುವ ಆ ಮುದುಕನನ್ನು ಬೀದಿಯವರೆಲ್ಲ ‘ಅಕ್ಷರದಣ್ಣ’ ಎನ್ನುತ್ತಿದ್ದರು. ಎಂಥ ಅಂಗಡಿಗೂ ಹೆಸರು ಬರೆದುಕೊಟ್ಟಾನು, ಮುಖ ಬರೆದುಕೊಡು ಎಂದರೆ ಮಾತ್ರ ಹಾರಿಬೀಳುತ್ತಿದ್ದ. ಬಣ್ಣದ ಡಬ್ಬಿಗಳ ನಡುವೆ ಒಂಟಿಯಾಗಿ ಉಂಡು ಮಲಗುವ ಆಸಾಮಿ. ಕಾರಣ ಕೇಳುವ ಎದೆಗಾರಿಕೆ ಯಾರಿಗಿತ್ತು?

ಕಾರಣ ಅವನ ಅಕ್ಕ. ಪ್ರಾಯದಲ್ಲಿ ಅವಳು ಹೊಲಿಗೆ ಅಂಗಡಿ ತೆರೆದಾಗ, ಬೋರ್ಡಿನ ಮೇಲೆ ಅವಳ ಮುಖವನ್ನೇ ಬರೆದಿದ್ದ. ಅಕ್ಕನದು ಮೆಳ್ಳೆಗಣ್ಣು. ಪ್ರೀತಿ ಉಕ್ಕಿ ಆ ಎಡಗಣ್ಣನ್ನು ನೆಟ್ಟಗೆ ಮಾಡಿಬಿಟ್ಟ. ಬಂದ ಗಿರಾಕಿಗಳೆಲ್ಲ ಅವಳನ್ನೇ ಕೇಳುವರು: “ಬೋರ್ಡಲ್ಲಿರೋ ಮೇಡಂ ಇಲ್ವಾ?” ವಾರ ತುಂಬುವ ಮೊದಲೇ ಅಕ್ಕ ಬೋರ್ಡು ಕಿತ್ತಳು.

“ಹೀಗಿರೋ ನಾನು ನಿನಗೂ ಬೇಡ, ಅಲ್ವಾ?” ಎಂದವಳು ಮತ್ತೆ ಅವನೊಡನೆ ಮಾತಾಡಲಿಲ್ಲ. ಅವನು ಮತ್ತೆ ಮುಖ ಬರೆಯಲಿಲ್ಲ.

ಈಗ ಡಾಕ್ಟರು, ಹೃದಯ ಸೋತಿದೆ, ಹೆಚ್ಚು ದಿನ ಇಲ್ಲ ಎಂದು ಮುಖಕ್ಕೇ ಹೇಳಿದ್ದರು. ಸಾಯುವ ಭಯಕ್ಕಿಂತ, ತಾನು ಬರೆದ ಆ ಸುಳ್ಳು ಕಣ್ಣು ಉಳಿದುಹೋದೀತೆಂಬ ಭಯವೇ ಅವನಿಗೆ ದೊಡ್ಡದಾಯಿತು. ಬಣ್ಣ, ಕುಂಚ ಹಿಡಿದು, ಏದುಸಿರು ಬಿಡುತ್ತ ಅಕ್ಕನ ಅಂಗಡಿಗೆ ಹೋದ.

“ಅಕ್ಕಾ, ಆ ಬೋರ್ಡು ಇದೆಯಾ? ಕಣ್ಣು ಸರಿ ಮಾಡ್ಬೇಕು.”

ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದುದನ್ನೆಲ್ಲ ತೆಗೆದಳು. ಬೋರ್ಡೇ ಆ ಮೇಜಿನ ಹಲಗೆಯಾಗಿತ್ತು, ಮುಖ ಕೆಳಗಾಗಿ!

ತಿರುವಿ ಹಾಕಿ, ಹಳೆಯ ಕಣ್ಣನ್ನು ಕೆರೆದು ತೆಗೆದ. ಹೊಸದು ಬರಬೇಕಲ್ಲ! ಒಮ್ಮೆ ಬರೆದರೆ ಅಣಕದಂತೆ, ಇನ್ನೊಮ್ಮೆ ಬರೆದರೆ ಕಾಯಿಲೆಯಂತೆ. ಅಷ್ಟರಲ್ಲಿ ಅವನಿಗೆ ಹೊಳೆಯಿತು: ಎದುರಿಗೇ ಕೂತವಳನ್ನು ಬಿಟ್ಟು ತಾನು ನೆನಪಿನಿಂದ ಬರೆಯುತ್ತಿದ್ದೇನೆ. ಪೆದ್ದ, ಅಂದೂ ಮಾಡಿದ್ದು ಇದನ್ನೇ!

ತಲೆಯೆತ್ತಿದ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಲಗಣ್ಣು ಸೂಜಿಯ ಮೇಲೆ, ಎಡಗಣ್ಣು ಮೂಗಿನತ್ತ. ಎಷ್ಟು ಚೆಂದದ ಕಣ್ಣು! ಅವನ ಕುಂಚ ಓಡತೊಡಗಿತು. ಕಣ್ಣಿಗೆ ನಿಲ್ಲದೆ ಕೆನ್ನೆಗೆ, ಹಣೆಗೆ, ನರೆಗೂದಲಿಗೆ ಹೋಯಿತು. ಸಂಜೆಯ ಹೊತ್ತಿಗೆ ಮುಗಿಸಿ, ಗೋಡೆಗೆ ಒರಗಿ ಕೂತ.

ಅಕ್ಕ ಬಂದು ಬಗ್ಗಿ ನೋಡಿದಳು. ನೋಡಿದಳು, ನೋಡುತ್ತಲೇ ಇದ್ದಳು.

“ಕಣ್ಣೇನೋ ನಂದೇ. ಸುಕ್ಕು ಇಷ್ಟೊಂದು ಬೇಕಿತ್ತೇನೋ?”

“ಇರೋದನ್ನೇ ಬರ್ದಿದೀನಿ.”

ಇಬ್ಬರೂ ನಕ್ಕರು. ಅವನು ಅತ್ತದ್ದೂ ಆಗಲೇ.

ಮರುದಿನ ಬೋರ್ಡು ಬಾಗಿಲ ಮೇಲೇರಿತು. ತಮ್ಮನನ್ನು ಅಕ್ಕ ಅಂಗಡಿಯಲ್ಲೇ ಕುರ್ಚಿ ಹಾಕಿ ಕೂರಿಸಿದ್ದಳು. ಹೊಸ ಗಿರಾಕಿಯೊಬ್ಬಳು ಮೇಲೆ ನೋಡಿ, ಒಳಗೆ ನೋಡಿ, “ಇದು ನೀವೇ ಅಲ್ವಾ?” ಎಂದಳು.

“ಹೂಂ, ನಾನೇ,” ಎಂದಳು ಅಕ್ಕ, ತಲೆಯೆತ್ತಿ. “ಬರ್ದೋನು ನನ್ನ ತಮ್ಮ.”