ಮೇರುಮಣಿಯಿಲ್ಲದ ಜಪ

ಜಪ ಎಣಿಸುವ ಆ ಪ್ಲಾಸ್ಟಿಕ್ ಉಂಗುರವನ್ನು ಇವತ್ತಿಗೂ ಯಾರ ಬೆರಳಲ್ಲಿ ಕಂಡರೂ ನನಗೆ ಮೈ ಉರಿಯುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು ಟಿಕ್ ಟಿಕ್ ಎಂದು ಒತ್ತುತ್ತಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತೇನೆ. ಪಾಪ, ಅವರೇನು ಮಾಡಿದ್ದಾರೆ? ಅವರ ಜಪ ಅವರದು. ನನ್ನ ಜಗಳ ನಮ್ಮ ಮನೆಯ ಉಂಗುರದ ಜೊತೆ.

ನಮ್ಮದು ಮುಳಬಾಗಿಲು. ಅಪ್ಪ ಅಲ್ಲಿನ ವರ್ತಕರಿಗೆ ಲೆಕ್ಕ ಬರೆದುಕೊಡುತ್ತಿದ್ದರು. ಬೆಳಗ್ಗೆ ಸ್ನಾನ ಮಾಡಿ ದೇವರ ಮನೆಯಲ್ಲಿ ಜಪಕ್ಕೆ ಕೂತರೆಂದರೆ ಮುಗಿಯುವವರೆಗೆ ಮೌನ. ಏನಾದರೂ ಬೇಕಾದರೆ ‘ಹ್ಞೂಂ, ಹ್ಞೂಂ’ ಎಂದು ಮೂಗಿನಲ್ಲೇ ಅಪ್ಪಣೆ. ಆ ಒಂದು ಹ್ಞೂಂನಿಂದ ಅವರಿಗೆ ಬೇಕಿರುವುದು ತುಳಸಿಯೋ ತೀರ್ಥದ ಬಟ್ಟಲೋ ಅಂತ ಅಮ್ಮ ತಿಳಿದುಕೊಳ್ಳಬೇಕು. ತಪ್ಪಿದರೆ ಇನ್ನೂ ಜೋರಾಗಿ ಹ್ಞೂಂ.

ಆದರೂ ತೊಂಬತ್ತರ ದಶಕದಲ್ಲಿ ಅಪ್ಪನ ಕೈಯಲ್ಲಿ ತುಳಸಿಮಣಿ ಸರ ಇದ್ದಷ್ಟು ದಿನ ಅಮ್ಮನಿಗೆ ಒಂದು ದಾರಿ ಇತ್ತು. ಸರಕ್ಕೊಂದು ಮೇರುಮಣಿ ಇರುತ್ತದೆ. ಅದನ್ನು ದಾಟಬಾರದು ಅಂತ ಶಾಸ್ತ್ರ. ಬೆರಳು ಅಲ್ಲಿಗೆ ಬಂದಾಗ ಅಪ್ಪ ನಿಲ್ಲಿಸಿ, ಸರವನ್ನು ಕಣ್ಣಿಗೊತ್ತಿಕೊಂಡು, ಒಂದು ಗುಟುಕು ನೀರು ಕುಡಿದು, ಸರ ತಿರುಗಿಸಿಕೊಂಡು ಮತ್ತೆ ಶುರುಮಾಡುತ್ತಿದ್ದರು. ಆ ನೀರು ಕುಡಿಯುವ ಹೊತ್ತಿನಲ್ಲಿ ಮಾತಾಡಬಹುದಿತ್ತು. ಅಮ್ಮ ದೇವರ ಮನೆಯ ಬಾಗಿಲಿಗೆ ಒರಗಿ ಕಾಯುತ್ತಿದ್ದಳು.

“ಏನೂಂದ್ರೆ, ಗ್ಯಾಸು ಖಾಲಿಯಾಯ್ತು, ಬರೆಸ್ಲಾ?”

“ಹ್ಞೂಂ, ಬರೆಸು.”

ಅಷ್ಟೇ. ಇನ್ನೊಂದು ವಿಷಯ ಇದ್ದರೆ ಮುಂದಿನ ಮೇರುಮಣಿ ಬರಬೇಕು. ನಮ್ಮ ಸಂಸಾರದ ತೀರ್ಮಾನಗಳೆಲ್ಲ ಆದದ್ದು ಹೀಗೇ. ನನ್ನನ್ನು ಬಿ.ಎಡ್.ಗೆ ಕೋಲಾರಕ್ಕೆ ಕಳಿಸುವುದೂ ಅಲ್ಲೇ ನಿಂತು ಕೇಳಿ ಒಪ್ಪಿಸಿದ್ದು. ಜಪ ಮುಗಿದ ಮೇಲೆ ಅಪ್ಪ ಗಡಿಬಿಡಿಯಲ್ಲಿ ಊಟ ಮಾಡಿ ಹೊರಟುಬಿಡುತ್ತಿದ್ದರು, ರಾತ್ರಿ ಬಂದರೆ ಮುಖ ಕೊಟ್ಟು ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ. ಅಮ್ಮ ಒಂದು ದಿನವೂ ಗೊಣಗಿದವಳಲ್ಲ. ನನಗೇ ಹೊಟ್ಟೆ ಉರಿಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಚಿಕ್ಕಪ್ಪ ಈ ಕೌಂಟರ್ ತಂದರು. ಅವರು ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು. “ಅಣ್ಣಾ, ಸರ ಎಲ್ಲಾ ಬಿಡು. ಬೆರಳಿಗೆ ಹಾಕ್ಕೋ, ಹೆಬ್ಬೆರಳಲ್ಲಿ ಒತ್ತು, ಅದೇ ಲೆಕ್ಕ ಇಟ್ಕೊಳ್ಳತ್ತೆ. ನಾನು ರೈಲಲ್ಲಿ ನಿಂತ್ಕೊಂಡೇ ಮುಗಿಸ್ತೀನಿ,” ಅಂದರು. ಅಪ್ಪನಿಗೆ ಕೆಂಪು ಬಣ್ಣದ್ದು, ಅಮ್ಮನಿಗೆ ನೀಲಿ ಬಣ್ಣದ್ದು. ಅಮ್ಮ “ನಂಗ್ಯಾಕೋ ಮಾರಾಯ, ನನ್ನ ಕೈಗೆ ಬಿಡುವೆಲ್ಲಿ?” ಎಂದು ನಕ್ಕು ಅದನ್ನು ಕವರಿನ ಸಮೇತ ಸಾಸಿವೆ ಡಬ್ಬಿಯ ಪಕ್ಕ ಇಟ್ಟಳು.

ಅಪ್ಪನಿಗೆ ಹುಚ್ಚು ಹಿಡಿಯಿತು. ಮಠದಲ್ಲಿ ಸೇರುವ ಹಿರಿಯರೆಲ್ಲ “ನಿಮ್ದೆಷ್ಟಾಯ್ತು ರಾಯರೇ?” ಎಂದು ಒಬ್ಬರ ಬೆರಳನ್ನೊಬ್ಬರು ಇಣುಕಿ ನೋಡುವ ಕಾಲ ಅದು. ಕೌಂಟರಿಗೆ ಮೇರುಮಣಿ ಎಲ್ಲಿದೆ? ನಿಲ್ಲಿಸುವ ಜಾಗವೇ ಇಲ್ಲ. ಟಿಕ್ ಟಿಕ್ ಟಿಕ್, ಎಡೆಬಿಡದೆ. ಅಮ್ಮ ಬಾಗಿಲಿಗೆ ಒರಗಿ ನಿಂತು, ಸುಮ್ಮನೆ ಒಳಗೆ ಹೋಗಿ, ಒಗ್ಗರಣೆ ಹಾಕಿ, ಮತ್ತೆ ಬಂದು ನಿಲ್ಲುತ್ತಿದ್ದಳು. ಮಾತಾಡುವ ಸಂದು ಮಾತ್ರ ಸಿಗುತ್ತಿರಲಿಲ್ಲ.

“ನೀನೇ ಮಾತಾಡ್ಸೇ, ನುಂಗ್ತಾರಾ?” ಅಂತ ನಾನು ರೇಗಿದರೆ, “ಜಪ ಭಂಗ ಮಾಡ್ಬಾರ್ದು ಕಣೇ, ಬಾಯ್ಬಡುಕಿ,” ಅನ್ನುತ್ತಿದ್ದಳು.

ಆ ಬೆಳಗ್ಗೆ ಫೋನ್ ಎತ್ತಿದ್ದು ನಾನೇ. ಶ್ರೀನಿವಾಸಪುರದಿಂದ ಸೋದರಮಾವ. ಅಜ್ಜಿ, ಅಂದರೆ ಅಮ್ಮನ ಅಮ್ಮ, ಕೆಲವು ದಿನದಿಂದ ಅವರ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅಮ್ಮ ರಿಸೀವರ್ ಕಿತ್ತುಕೊಂಡಳು. ಮಾವನಿಗೆ ಗಾಬರಿಯಾದರೆ ತೆಲುಗೇ ಬಾಯಿಗೆ ಬರುವುದು. “ಅಕ್ಕಾ, ತ್ವರಗಾ ರಾ ಅಕ್ಕಾ,” ಅಂತ ಅಳುವುದು ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು. ಬೇಗ ಬಾ ಅಂತ. ಅಜ್ಜಿ ಮಗಳನ್ನೇ ಕೇಳುತ್ತಿದ್ದಾಳಂತೆ.

ಅಮ್ಮ ಸೀರೆ ಬದಲಾಯಿಸಿದಳು, ಚೀಲ ಹಿಡಿದಳು, ದೇವರ ಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಊರು ಬಿಟ್ಟು ಹೋಗುವ ಹೆಂಗಸು ಗಂಡನ ಬಾಯಿಂದ ‘ಹೋಗ್ಬಾ’ ಅನ್ನಿಸಿಕೊಳ್ಳದೆ ಹೊಸಿಲು ದಾಟಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಮದುವೆಯಾದಾಗ ಅಮ್ಮನಿಗೆ ಅದನ್ನು ಹೇಳಿ ಕಳಿಸಿದವಳು ಆ ಅಜ್ಜಿಯೇ.

“ಏನೂಂದ್ರೆ... ನಮ್ಮಮ್ಮಂಗೆ ಬಹಳ ಆಗಿದೆಯಂತೆ. ಹೋಗಿಬರ್ಲಾ?”

ಅಪ್ಪ ಕಣ್ಣು ಬಿಟ್ಟರು. ಕೇಳಿಸಿತು, ನಾನು ನೋಡಿದೆ. ಎಡಗೈ ಎತ್ತಿ, ತಡಿ ಅಂತ ಸನ್ನೆ ಮಾಡಿ, ಮತ್ತೆ ಕಣ್ಣು ಮುಚ್ಚಿದರು. ಬಲಗೈಯಲ್ಲಿ ಟಿಕ್ ಟಿಕ್ ನಿಲ್ಲಲಿಲ್ಲ.

“ಅಪ್ಪಾ! ಅಜ್ಜಿ ಸಾಯ್ತಿದಾಳಂತೆ! ಒಂದು ಮಾತು ಹೇಳಪ್ಪಾ!” ಅಂತ ನಾನು ಕಿರುಚಿದೆ. ಹ್ಞೂಂ ಎಂದು ಗುಡುಗಿದರು. ಅದು ಹೋಗು ಅನ್ನುವ ಹ್ಞೂಂ ಅಲ್ಲ, ಸುಮ್ಮನಿರು ಅನ್ನುವ ಹ್ಞೂಂ. ಇಷ್ಟು ವರ್ಷ ಆ ಹ್ಞೂಂಗಳ ಅರ್ಥ ಬಿಡಿಸಿದ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಚೀಲ ಕೆಳಗಿಟ್ಟಳು. ನಾನು ಅವಳ ರಟ್ಟೆ ಹಿಡಿದು ಎಳೆದೆ, ಕೊಸರಿಕೊಂಡಳು. ಶ್ರೀನಿವಾಸಪುರದ ನೇರ ಬಸ್ಸು ರಸ್ತೆಯ ತಿರುವಿನಲ್ಲಿ ಹಾರ್ನ್ ಹೊಡೆದುಕೊಂಡು ಹೋಗಿದ್ದು ಮೂವರಿಗೂ ಕೇಳಿಸಿತು.

ಕೊನೆಗೂ ಜಪ ಮುಗಿಯಿತು. ಅಪ್ಪ ಎದ್ದು ಬಂದು, ಕೌಂಟರ್ ನೋಡಿಕೊಂಡು, ಸಮಾಧಾನವಾಗಿ, “ಹ್ಞಾ, ಈಗ ಹೇಳು,” ಅಂದರು. ಅಮ್ಮ ಹೇಳಿದಳು.

“ಅಯ್ಯೋ, ಹೋಗ್ಬಾ ಹೋಗ್ಬಾ. ಅದಕ್ಕೇನು ಕೇಳೋದು?”

ಅದಕ್ಕೇನು ಕೇಳೋದಂತೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯನ್ನು ನಾನು ಅವತ್ತು ನಮ್ಮ ಹಜಾರದಲ್ಲೇ ಕಂಡೆ.

ಕೋಲಾರಕ್ಕೆ ಹೋಗಿ, ಅಲ್ಲಿ ಬಸ್ಸಿಗೆ ಕಾದು, ನಾವು ಶ್ರೀನಿವಾಸಪುರ ತಲುಪುವಷ್ಟರಲ್ಲಿ ಅಜ್ಜಿಯನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದ್ದರು. ಪ್ರಾಣ ಹೋಗುವ ಮುಂಚೆ ಬಾಯಿಗೆ ನೀರು ಬಿಡಲು ಹೋದರೆ ಮಗಳು ಬರಲಿ ಅಂತ ತುಟಿ ಬಿಗಿಹಿಡಿದಿದ್ದಳಂತೆ. ಕೊನೆಗೆ ಮಾವನ ಹೆಂಡತಿ, ನಮ್ಮ ಅತ್ತೆಯೇ ಬಿಟ್ಟರಂತೆ. ಅದನ್ನು ಕೇಳಿ ಅಮ್ಮ ಅಳಲಿಲ್ಲ. ಅಜ್ಜಿಯ ತುಟಿಯನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ಸುದ್ದಿ ತಿಳಿದು ಅಪ್ಪ ಸಂಜೆ ಬಂದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು, ನನ್ನನ್ನು ಹಿತ್ತಿಲಿಗೆ ಕರೆದು, “ನಿಮ್ಮಜ್ಜಿಗೋಸ್ಕರಾನೇ ಕಣೇ ಜಪ ಮುಂದುವರಿಸಿದ್ದು. ಆ ಪುಣ್ಯ ಎಲ್ಲಾ ಅವರಿಗೇ ಸೇರ್ಲಿ ಅಂತ ಸಂಕಲ್ಪ ಮಾಡ್ಕೊಂಡೆ,” ಅಂದರು.

“ಪುಣ್ಯ ಕೇಳಿದ್ಲಾ ಅವ್ಳು? ಮಗಳನ್ನ ಕೇಳಿದ್ಲು.”

ಅಪ್ಪನಿಗೆ ಎದುರುತ್ತರ ಕೊಟ್ಟೆ ಅಂತ ಅತ್ತೆ ನನ್ನನ್ನು ಬೈದರು. ಬೈಯಲಿ. ಇನ್ನೊಂದು ಸಲ ಅವಕಾಶ ಸಿಕ್ಕರೂ ಅದನ್ನೇ ಹೇಳುತ್ತೇನೆ.

ಅಜ್ಜಿಯ ವೈಕುಂಠ ಸಮಾರಾಧನೆ ಮುಗಿಸಿ ಊರಿಗೆ ಬಂದ ಮಾರನೆಯ ಬೆಳಗ್ಗೆ, ಅಪ್ಪ ಸ್ನಾನ ಮಾಡಿ ಬಂದು ಕಾಫಿ ಕೇಳಿದರು. ಕಾಫಿ ಬರಲಿಲ್ಲ. ಅಡಿಗೆಮನೆಗೆ ಹೋಗಿ ನೋಡಿದರು, ಹಿಂದೆ ನಾನೂ ಹೋದೆ. ಅಮ್ಮ ಒಲೆಯ ಕಡೆ ಬೆನ್ನು ಮಾಡಿ ಮಣೆಯ ಮೇಲೆ ಕೂತಿದ್ದಳು. ಬೆರಳಲ್ಲಿ ನೀಲಿ ಉಂಗುರ. ಟಿಕ್ ಟಿಕ್.

“ಕಾಫಿ ಅಂದೆ,” ಅಂದರು ಅಪ್ಪ.

ಅಮ್ಮ ಎಡಗೈ ಎತ್ತಿದಳು. ತಡಿ.

ಅಪ್ಪ ಹೊರಗೆ ಹೋದರು. ನಾನೇ ಡಿಕಾಕ್ಷನ್ ಇಳಿಸಬಹುದಿತ್ತು. ಇಳಿಸಲಿಲ್ಲ. ಅವಳು ಕಣ್ಣು ಬಿಟ್ಟ ಮೇಲೆ ಪಕ್ಕದಲ್ಲಿ ಕೂತು, “ಯಾವ ಮಂತ್ರ ಅಮ್ಮಾ? ಯಾರು ಉಪದೇಶ ಕೊಟ್ರು?” ಅಂತ ಕೇಳಿದೆ.

“ಮಂತ್ರಗಿಂತ್ರ ಎಲ್ಲಾ ನಂಗೇನು ಗೊತ್ತೇ? ಅಮ್ಮಾ ಅಂತೀನಿ, ಒತ್ತೀನಿ. ಅವ್ಳು ಕರೆದಾಗ ನಾನು ಹೋಗ್ಲಿಲ್ಲವಲ್ಲ. ಈಗ ನಾನು ಕರೀತೀನಿ.”

ಸ್ವಲ್ಪ ದಿನಕ್ಕೆ ಅಪ್ಪ ಕೆಂಪು ಕೌಂಟರನ್ನು ಕಪಾಟಿನಲ್ಲಿಟ್ಟು ಹಳೆಯ ತುಳಸಿಮಣಿ ಸರ ತೆಗೆದರು. ಮೇರುಮಣಿ ಬಂದಾಗಲೆಲ್ಲ ಸರವನ್ನು ಕಣ್ಣಿಗೊತ್ತಿಕೊಂಡು, ನೀರು ಕುಡಿದು, ಬಾಗಿಲ ಕಡೆ ನೋಡುತ್ತಿದ್ದರು. ಮೊದಲಿಗಿಂತ ಬಹಳ ಹೊತ್ತು ನೋಡುತ್ತಿದ್ದರು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಅಡಿಗೆಮನೆಯಿಂದ ಟಿಕ್ ಟಿಕ್ ಕೇಳಿಸುತ್ತಿತ್ತು.